ಚಾಕಿ ಮನೆಯ ಕಿಟಕಿ ತೆರೆದವಳು

ಪರದೆಯ ಮೇಲೆ 24.6 ಎಂದಿತ್ತು. ಹೀಟರ್ ಹೊತ್ತಿಕೊಂಡು ಬಹಳ ಹೊತ್ತಾದರೂ ಆ ಅಂಕಿ ಕದಲಲಿಲ್ಲ. ನಾನು ಅದನ್ನು ನೋಡಿದ್ದೆ, ರತ್ನಕ್ಕ. ನೋಡಿಯೂ ಎದ್ದು ಹೋದೆ. ಚಿಕ್ಕಪ್ಪನ ಚಾಕಿ ಮನೆಯಲ್ಲಿ ಹುಳು ಸತ್ತದ್ದು ನನ್ನಿಂದ.

ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಕೆಲವು ದಿನ ಸಾಕಿ ರೈತರಿಗೆ ಕೊಡುವ ಆ ಮನೆಯಲ್ಲಿ ಕಾವು ಹದವಾಗಿಡುತ್ತಿದ್ದುದು ಒಂದು ಪುಟ್ಟ ಲಿನಕ್ಸ್ ಕಂಪ್ಯೂಟರ್. ಎಂ.ಎಸ್ಸಿ. ಓದುವಾಗ ನಾನೇ ಕೂರಿಸಿದ್ದು. ಆ ಸಂಜೆ, ಯಾರೂ ಕೇಳದಿದ್ದರೂ, ಅದರ ಸಿಸ್ಟಮ್ ಅಪ್‌ಗ್ರೇಡ್ ಮಾಡಿದೆ. ಆಮೇಲೆ ತಕರಾರು ಶುರುವಾಯಿತು. ಕಾವು ಅಳೆಯುವ ಪ್ರೋಗ್ರಾಮಿಗೆ ಒಂದು ಲೈಬ್ರರಿಯ, ಅಂದರೆ ಸಿದ್ಧ ಕೋಡಿನ ಕಂತೆಯ, ಹಳೆಯ ಆವೃತ್ತಿಯೇ ಬೇಕು. ರೈತರ ಮೊಬೈಲಿಗೆ ಸಂದೇಶ ಕಳಿಸುವ ಪ್ರೋಗ್ರಾಮಿಗೆ ಅದರದೇ ಹೊಸ ಆವೃತ್ತಿ. ಎರಡನ್ನೂ ಬೇರೆ ಬೇರೆ ಇಡಬೇಕಿತ್ತು. ಗೊತ್ತಿತ್ತು— ಬೇಸರವಾಗಿತ್ತು. ಎಚ್ಚರಿಕೆಯ ಸಾಲುಗಳನ್ನೆಲ್ಲ ಮೀರಿ ಹೊಸದನ್ನೇ ಬಲವಂತವಾಗಿ ಹಾಕಿದೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಾಗಿಲು ತೆರೆದವಳೂ ನಾನೇ. ಬಿಸಿ ಮುಖಕ್ಕೆ ಹೊಡೆಯಿತು. ತಟ್ಟೆಗಳಲ್ಲಿ ಹಿಪ್ಪುನೇರಳೆ ಸೊಪ್ಪು ಗರಿಗರಿ ಒಣಗಿತ್ತು. ಹುಳುಗಳು ದಾರದ ತುಂಡುಗಳಂತೆ ಬಿದ್ದಿದ್ದವು. ಪರದೆಯಲ್ಲಿ ಅದೇ 24.6; ಕಾವು ಇನ್ನೂ ಸಾಲದೆಂದು ಹೀಟರ್ ರಾತ್ರಿಯಿಡೀ ಆರದೆ ಉರಿದಿತ್ತು. ಹೀಟರ್ ಆರಿಸಿದೆ. ಕಿಟಕಿಗಳನ್ನೆಲ್ಲ ತೆರೆದೆ. ಹಳೆಯ ಆವೃತ್ತಿಯನ್ನು ಮತ್ತೆ ಹಾಕಿ, ಅಂಕಿ ಕದಲುವುದನ್ನು ನೋಡಿಕೊಂಡು, ಕಿಟಕಿ ಮುಚ್ಚಿ— ಆಮೇಲೆ ಕೂಗಿಕೊಂಡೆ. ತಪ್ಪು ಮಾಡಿದ್ದು ಸಂಜೆ. ಪಾಪ ಮಾಡಿದ್ದು ಆ ಬೆಳಿಗ್ಗೆ.

ಮುಟ್ಟಾದವರು ಹುಳುವಿನ ಮನೆಯೊಳಗೆ ಕಾಲಿಡಬಾರದೆಂಬುದು ನಮ್ಮಲ್ಲಿ ಎಲ್ಲರೂ ಪಾಲಿಸುವ ಕಟ್ಟು. ಅಲ್ಲಿ ಕೂಲಿಗೆ ಬರುತ್ತಿದ್ದ ನೀವು, ಮುಟ್ಟಾದದ್ದನ್ನು ಹಿಂದಿನ ದಿನವೇ ಚಿಕ್ಕಮ್ಮನಿಗೆ ಹೇಳಿ ಹೊರಗೆ ಸೊಪ್ಪು ಕೊಯ್ಯುತ್ತಿದ್ದಿರಿ. ಹೇಳಿದ್ದೇ ನಿಮಗೆ ಮುಳುವಾಯಿತು.

"ಒಳಕ್ಕೆ ಬಂದಿದ್ದೀಯ ಕಣೇ ನೀನು. ಇಲ್ದಿದ್ರೆ ಹಿಂಗಾಗ್ತಿತ್ತಾ?" ಎಂದರು ಚಿಕ್ಕಮ್ಮ.

"ದೇವ್ರಾಣೆಗೂ ಇಲ್ಲಕ್ಕಾ. ಸೊಪ್ಪಿನ ಮೂಟೆ ಬಾಗ್ಲಲ್ಲಿಟ್ಟು ಹಂಗೇ ಹೋದೆ" ಎಂದಿರಿ ನೀವು.

ಹುಳು ಒಯ್ಯಲು ಶ್ರೀನಿವಾಸಪುರದ ಕಡೆಯಿಂದ ಬಂದಿದ್ದ ಒಬ್ಬ ರೈತ ನಕ್ಕ. "ಅಯ್ಯೋ, ಕಂಪ್ಯೂಟರಮ್ಮ ಇಲ್ಲೇ ಅವ್ಳಲ್ಲ, ಕೇಳ್ರಿ!"

ಚಿಕ್ಕಪ್ಪ ನನ್ನ ಕಡೆ ತಿರುಗಿದರು. "ಮಿಷಿನ್ ಸರಿಯಾಗಿತ್ತೇನಮ್ಮಾ?"

ಯಾರಾದರೂ ಹೀಟರ್ ಮುಟ್ಟಿ ನೋಡಿದರೆ— ಅದಿನ್ನೂ ಸುಡುತ್ತಿತ್ತು.

"ಸರಿಯಾಗೇ ಇತ್ತು ಚಿಕ್ಕಪ್ಪ."

ಮುಟ್ಟಿನಿಂದ ಹುಳು ಸಾಯುವುದಿಲ್ಲ ಎಂದು ಕಾಲೇಜಿನಲ್ಲಿ ವಾದಿಸಿದವಳು ನಾನು. ಅಂದು ಅದೇ ನಂಬಿಕೆಯ ಹಿಂದೆ ಅಡಗಿ ನಿಂತೆ. ನೀವು ನನ್ನನ್ನೇ ನೋಡಿದಿರಿ. ಏನಾದರೂ ಗೊತ್ತಾಗಿತ್ತೇ?

ಆಮೇಲೆ ಸುತ್ತಿನ ಯಾವ ಹುಳುವಿನ ಮನೆಯೂ ನಿಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ. ನನಗೆ ಕೋಲಾರದಲ್ಲಿ ಕೆಲಸ ಸಿಕ್ಕಿತು— ಕಂಪ್ಯೂಟರುಗಳನ್ನು ನೋಡಿಕೊಳ್ಳುವುದೇ. ವರ್ಷಗಳಾದವು. ಇಂದಿಗೂ ಅಪ್‌ಗ್ರೇಡ್ ಮುಗಿದಾಗ ಎಲ್ಲ ಸರಿಯಾಗಿದ್ದರೇ ನನಗೆ ಹೆಚ್ಚು ಭಯ.

ಕಳೆದ ವಾರ ಊರಿಗೆ ಹೋದಾಗ ಚಿಕ್ಕಮ್ಮ ಕಾಫಿ ಕೊಡುತ್ತಾ, ನಿಮ್ಮ ಮಗಳು ಕೆಲಸ ಕೇಳಿಕೊಂಡು ಬಂದಿದ್ದಳೆಂದರು. "ವಾಪಸ್ ಕಳಿಸ್ದೆ. ಅವರಮ್ಮನ ಕೈಲಿ ಒಂದ್ಸಲ ಆಗಿದ್ದು ಸಾಲ್ದಾ?" ನಾನು ಕಾಫಿ ಕುಡಿದೆ. ಲೋಟ ತೊಳೆದಿಟ್ಟೆ.

ಮರುದಿನ ಬೆಳಿಗ್ಗೆ ಹುಳು ಕೊಡುವ ದಿನ. ಅಂಗಳದಲ್ಲಿ ರೈತರು ತುಂಬಿದ್ದರು. ಹೋಗಿ ಚಿಕ್ಕಪ್ಪನ ಮುಂದೆ ನಿಂತು ಎಲ್ಲ ಹೇಳಿದೆ— ಬಲವಂತವಾಗಿ ಹಾಕಿದ್ದು, ಕಿಟಕಿ ತೆರೆದದ್ದು, ಮುಚ್ಚಿದ್ದು.

ಅವರು ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. "ಇಷ್ಟು ವರ್ಷ ಆದ್ಮೇಲೆ ಯಾಕಮ್ಮಾ?"

"ರತ್ನಕ್ಕ ಒಳಗೆ ಬಂದೇ ಇರ್ಲಿಲ್ಲ" ಎಂದು ಇನ್ನೊಮ್ಮೆ ಹೇಳಿದೆ, ಅಂಗಳದ ಕೊನೆಯಲ್ಲಿ ನಿಂತವರಿಗೂ ಕೇಳಿಸುವ ಹಾಗೆ.