ದಾಸಪ್ಪನವರ ಕನ್ನೆಮಣ್ಣು

ಮಾವಳ್ಳಿಯ ದಾಸಪ್ಪನವರು ಮಣ್ಣಿನ ವಿಷಯದಲ್ಲಿ ಇನ್ನೊಬ್ಬರ ಮಾತು ಕೇಳುವ ಆಸಾಮಿಯಲ್ಲ. ಮೂವತ್ತೈದು ವರ್ಷದಿಂದ ಬಾವಿ ತೋಡುವವರು. ಈಗ ಹೆಚ್ಚಾಗಿ ಮಳೆನೀರು ಇಂಗಿಸುವ ಬಾವಿಗಳು. ಮೇಲಿನ ಗಾರೆ, ಇಟ್ಟಿಗೆಚೂರು, ಪ್ಲಾಸ್ಟಿಕ್ ಎಲ್ಲ ಮುಗಿದು, ಯಾರ ಕೈಯೂ ಸೋಕದ ಮಣ್ಣು ಸಿಕ್ಕಿತೆಂದರೆ ಚಿಟಿಕೆ ತೆಗೆದು ನಾಲಿಗೆಗೆ ಮುಟ್ಟಿಸಿ, "ಕನ್ನೆಮಣ್ಣು" ಎನ್ನುತ್ತಾರೆ. ಮನೆಯವರು ಅರಿಸಿನ ಕುಂಕುಮ ಹಾಕಿ ಕಾಯಿ ಒಡೆಯುತ್ತಾರೆ. ಸಿಮೆಂಟ್ ರಿಂಗುಗಳನ್ನು ಕೂರಿಸುವುದು ಆ ಮಾತಿನ ಮೇಲೆ. ಎಲ್ಲಿಂದಲೋ ತಂದು ಹಾಕಿದ ಮಣ್ಣಿನ ಮೇಲೆ ಕೂತ ರಿಂಗು ಒಂದಲ್ಲ ಒಂದು ಮಳೆಗಾಲಕ್ಕೆ ಕುಸಿಯುತ್ತದೆ. "ನನ್ ನಾಲ್ಗೆ ಸುಳ್ ಹೇಳಲ್ಲ" ಎಂದು ಅವರು ಮೀಸೆ ತಿರುವಿದಾಗಲೆಲ್ಲ, ಎಂಥ ಜಂಬ ಈ ಮನುಷ್ಯನಿಗೆ ಅನ್ನಿಸುತ್ತಿತ್ತು ನನಗೆ, ನಮ್ಮ ಮನೆಯ ಬಾವಿ ತೋಡಿದ ದಿನದಿಂದಲೂ.

ಕಳೆದ ಬೇಸಿಗೆಯಲ್ಲಿ, ಚಾಮರಾಜಪೇಟೆಯ ನಮ್ಮ ಪಕ್ಕದ ಮನೆ ಶಕುಂತಲಮ್ಮನವರ ಅಂಗಳದಲ್ಲಿ ಹತ್ತು ಅಡಿಗೇ ಕನ್ನೆಮಣ್ಣು ಎಂದುಬಿಟ್ಟರು. ಕಾಯಿ ಒಡೆದಾಯಿತು. ಆಕೆಯ ಮೊಮ್ಮಗಳು ಶರಣ್ಯ ಭೂವಿಜ್ಞಾನ ಓದುತ್ತಾಳೆ. ಭೂಮಿಯ ಪದರಗಳಲ್ಲಿ ಈಗ ಮನುಷ್ಯನದೇ ಗುರುತು ಬೀಳುತ್ತಿದೆ, ಅದಕ್ಕೊಂದು ಹೊಸ ಯುಗದ ಹೆಸರು ಕೊಡಬೇಕೆ, ಅದು ಎಲ್ಲಿಂದ ಶುರು ಎಂದು ವಿಜ್ಞಾನಿಗಳೇ ಇನ್ನೂ ಜಗಳವಾಡುತ್ತಿದ್ದಾರೆ ಎಂದಳು.

ದಾಸಪ್ಪನವರು ನಕ್ಕರು. "ಜಗಳ ಯಾಕಮ್ಮ? ಇಲ್ಲಿ ಹತ್ತಡಿಗೆ ಮನುಷ್ಯ ಮುಗ್ದ. ಬರ್ಕೋ."

ಮರುದಿನ ರಿಂಗು ಕೂರಿಸಲು ಇನ್ನೊಂದಡಿ ತೋಡಿದಾಗ ಎದ್ದ ಹೆಂಟೆಯೊಂದನ್ನು ಶರಣ್ಯ ಪುಡಿ ಮಾಡಿದಳು. ಒಳಗೆ ನೀಲಿ ಪೆನ್ನಿನ ಮುಚ್ಚಳ.

ದಾಸಪ್ಪನವರು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಕಾಂಪೌಂಡಿನಾಚೆ ನಿಂತು ನಾನು ನೋಡುತ್ತಿದ್ದೆ. ಪೂಜೆಯಾದ ಮೇಲೆ ಮಾತು ಹಿಂತೆಗೆದುಕೊಂಡ ಬಾವಿಯವನನ್ನು ಆಮೇಲೆ ಯಾರು ಕರೆಯುತ್ತಾರೆ?

"ಅಜ್ಜಿಗೆ ಹೇಳಲ್ಲ ಬಿಡಿ" ಎಂದಳು ಹುಡುಗಿ, ಮೆಲ್ಲಗೆ.

ಅವರು ಮುಚ್ಚಳ ತೊಳೆದು ನೇರ ಶಕುಂತಲಮ್ಮನ ಕೈಗಿಟ್ಟರು. "ಅಮ್ಮಾ, ನಾನ್ ಹೇಳಿದ್ದು ತಪ್ಪು. ಇದು ಯಾವತ್ತೋ ಲಾರೀಲಿ ತಂದ್ ಸುರ್ದಿರೋ ಮಣ್ಣು. ಇನ್ನೂ ಇಳೀಬೇಕು."

"ಪೂಜೆ ಆಗೋಯ್ತಲ್ಲಪ್ಪಾ!"

"ಭೂಮ್ತಾಯಿ ಬೇಜಾರ್ ಮಾಡ್ಕೊಳಲ್ಲ. ರಿಂಗ್ ಕುಸಿದ್ರೆ ನೀವ್ ಮಾಡ್ಕೋತೀರ."

ಹದಿನಾರು ಅಡಿಗೆ ಮಣ್ಣಿನ ಬಣ್ಣ ತಿರುಗಿತು; ಬಿಳಿ ಹರಳು ಮಿನುಗಿತು. ಈ ಸಲ ಅವರು ನಾಲಿಗೆಗೆ ಮುಟ್ಟಿಸುವ ಮೊದಲು ಶರಣ್ಯಳ ಅಂಗೈಗೆ ಹಾಕಿದರು.

"ಇಲ್ಲಿನ ಬಂಡೆನೇ ಕೊಳೆತು ಆದ ಮಣ್ಣು" ಎಂದಳು ಅವಳು. "ಯಾರೂ ತಂದಿದ್ದಲ್ಲ."

ಅವರ ಮುಖ ಅರಳಿದ್ದು ನೋಡಿ ನನಗೂ ಸಮಾಧಾನವಾಯಿತು.

ಮರುದಿನ ಬೆಳಿಗ್ಗೆ ನಮ್ಮ ಬಾಗಿಲು ಬಡಿದ ಸದ್ದಾಯಿತು. ಹೆಗಲ ಮೇಲೆ ಹಗ್ಗ ಹೊತ್ತು ದಾಸಪ್ಪನವರು ನಿಂತಿದ್ದರು.

"ಸಾರ್, ನಿಮ್ ಬಾವೀಲೂ ಕನ್ನೆಮಣ್ಣು ಅಂದಿದ್ದು ನಾನೇ. ಒಂದ್ಸಲ ಇಳಿದು ನೋಡ್ಬೇಕು. ಇವತ್ತಿಂದ ಎಲ್ಲರ ಮನೆಗೂ ಹೋಗ್ತಿದೀನಿ."