ಅತ್ತೆಯ ಕಫದಲ್ಲಿ ಕಂಡದ್ದು

ಆಸ್ಪತ್ರೆಯ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಸೂಕ್ಷ್ಮಕ್ಕ ಎಂದೇ ಕರೆಯುತ್ತಾರೆ. ಮದುವೆಗೂ ಮುಂಚೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವಳು. ಮಗಳು ಕಾಲೇಜಿಗೆ ಬಂದಿದ್ದರೂ ಇನ್ನೂ ತೆಗೆದಿಲ್ಲ. ಗಾಜಿನ ಮೇಲೆ ಸವರಿ ಬಣ್ಣ ಹಾಕಿದ ಜೀವಕೋಶಗಳ ನಡುವೆ ಕ್ಯಾನ್ಸರ್ ಅಡಗಿದೆಯೇ ಎಂದು ಹುಡುಕುವುದು, ಅನುಮಾನ ಬಂದಲ್ಲಿ ಪೆನ್ನಿನಿಂದ ಚುಕ್ಕೆಯಿಟ್ಟು ಡಾಕ್ಟರಿಗೆ ಕೊಡುವುದು ಅವಳ ಕೆಲಸ.

ಅತ್ತೆಗೆ ಮಾತ್ರ ಇದು ಯಾವತ್ತೂ ಹಿಡಿಸಿಲ್ಲ. “ಕಂಡೋರ ಉಗುಳು ನೋಡೋದಕ್ಕೆ ಅಷ್ಟು ಓದ್ಬೇಕಿತ್ತೇನೇ?” ಎಂದು ಬಂದವರೆದುರೇ ಕುಟುಕುವರು. ಅಂಥ ಅತ್ತೆಗೇ ಬಿಡದ ಕೆಮ್ಮು ಹತ್ತಿತು. ಡಾಕ್ಟರು ಕಫ ಪರೀಕ್ಷೆ ಬರೆದರು.

“ಬೆಳಿಗ್ಗೆ ಬಾಯಿ ಮುಕ್ಕಳಿಸಿ, ಏನೂ ತಿನ್ನದೆ ಡಬ್ಬಿಗೆ ಉಗುಳಿ, ಅತ್ತೆ.”

“ಉಗುಳೋಕೂ ನಿನ್ನ ಹತ್ರ ಪಾಠ ಹೇಳಿಸ್ಕೋಬೇಕಾ?”

ಅತ್ತೆಯ ಕಫ ಸವರಿದ ಸ್ಲೈಡಿಗೆ ಬಂದಾಗ ಸೂಕ್ಷ್ಮಕ್ಕನ ಕೈ ನಿಂತಿತು. ದೊಡ್ಡ ದೊಡ್ಡ ಕೋಶಗಳು, ಗುಂಪುಗುಂಪಾಗಿ; ಒಳಗೆ ಮಸಿಯಂಥ ಕಪ್ಪು. ಕ್ಯಾನ್ಸರಿನದೇ ಚಹರೆ. ಪೆನ್ನು ಎತ್ತಿದಳು, ಚುಕ್ಕೆಯಿಡಲು ಮನಸ್ಸು ಬರಲಿಲ್ಲ. ಕುಟುಕುವ ಬಾಯಿ ಇಲ್ಲದ ಮನೆಯನ್ನು ಊಹಿಸಲಾರದೆ ಮತ್ತೆ ಕಣ್ಣಿಟ್ಟು, ಫೋಕಸ್ಸನ್ನು ಕೂದಲೆಳೆಯಷ್ಟು ತಿರುಗಿಸಿದಳು.

ಪ್ರತಿ ಕೋಶದ ಸುತ್ತ ದಪ್ಪ ಗೋಡೆಯೊಂದು ಮಿನುಗಿತು.

ಮನುಷ್ಯರ ಕೋಶಕ್ಕೆಲ್ಲಿಯ ಗೋಡೆ? ಗೋಡೆ ಕಟ್ಟಿಕೊಂಡು ಬಾಳುವುದು ಗಿಡದ ಕೋಶ. ಡಾಕ್ಟರೂ ಇಣುಕಿ ನಕ್ಕುಬಿಟ್ಟರು. “ಇದು ನಿಮ್ಮತ್ತೆ ಅಲ್ಲಮ್ಮ, ಯಾವುದೋ ಹಣ್ಣು. ಇನ್ನೊಂದ್ಸಲ ತಗೊಂಡ್ಬನ್ನಿ.”

ಸಂಜೆ ಚಪ್ಪಲಿಯನ್ನೂ ಬಿಡದೆ ಕೇಳಿದಳು: “ಅತ್ತೆ, ಉಗುಳೋಕೆ ಮುಂಚೆ ಏನು ಹಣ್ಣು ತಿಂದ್ರಿ?”

ಅತ್ತೆ ಗಂಡನನ್ನು ಕೆಕ್ಕರಿಸಿ ನೋಡಿದರು. “ನೀವೇ ತಾನೆ ಚಾಡಿ ಹೇಳಿದ್ದು?”

“ನಂಗೂ ಒಂದು ಹೋಳು ಕೊಟ್ಟಿದ್ರೆ ತಾನೆ ಗೊತ್ತಾಗೋಕೆ!” ಎಂದರು ಮಾವ.

“ಅರ್ಧ ಸೀಬೆಹಣ್ಣು ಕಣೇ. ಅದೂ ಬಾಡಿತ್ತು.”

ಮಾರನೆಯ ಬೆಳಿಗ್ಗೆ ಸೊಸೆ ಬಚ್ಚಲ ಬಾಗಿಲಲ್ಲೇ ಕಾವಲು ನಿಂತು ಹೊಸ ಡಬ್ಬಿ ತುಂಬಿಸಿಕೊಂಡಳು. ಅದರ ಸ್ಲೈಡನ್ನು ಈ ತುದಿಯಿಂದ ಆ ತುದಿಗೆ, ಅಕ್ಕಿ ಆರಿಸಿದಂತೆ ಆರಿಸಿದಳು. ಕೆಡುಕಿನದು ಒಂದೂ ಇಲ್ಲ. ಧೂಳು ನುಂಗಿ ಹೊಟ್ಟೆ ಉಬ್ಬಿಸಿಕೊಂಡ ಸಾಧು ಕೋಶಗಳು, ಅಷ್ಟೆ. ಡಾಕ್ಟರೂ ನೋಡಿ ಹೌದೆಂದ ಮೇಲೆ ಮನೆಗೆ ಫೋನು ಮಾಡಿದಳು.

“ಭಯ ಪಡೋ ಅಂಥದ್ದೇನೂ ಇಲ್ಲ, ಅತ್ತೆ. ಎದೇಲಿ ಬರೀ ಧೂಳು.”

ಆ ಕಡೆಯಿಂದ ಮೊದಲು ಕೆಮ್ಮು, ಅದರ ಬೆನ್ನಿಗೇ ದನಿ.

“ಧೂಳಾ? ಮನೆ ಗುಡಿಸೋಳು ನೀನು ತಾನೆ?”

ಸೂಕ್ಷ್ಮಕ್ಕ ಗೋಡೆಗೊರಗಿ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದು, ಪೂರ್ತಿ ಬೈಸಿಕೊಂಡಳು.