ಮುಕ್ರಿಕ ಮೈಕಿನಲ್ಲಿ ಹೇಳಿದ ಜ್ವರ

ಮುಕ್ರಿಕರ ಅಂಗೈಗಳು ಯಾವಾಗಲೂ ಆಗಷ್ಟೇ ಬಟ್ಟೆ ಒಗೆದು ಬಂದವರ ಹಾಗೆ ಬಿಳುಚಿಕೊಂಡು ಸುಕ್ಕುಗಟ್ಟಿರುತ್ತಿದ್ದವು. ಮಸೀದಿಯ ನೀರಿನ ತೊಟ್ಟಿ ತೊಳೆಯುವುದು, ಚಾಪೆ ಕೊಡವುವುದು, ರಂಜಾನಿನಲ್ಲಿ ಗಂಜಿಯ ಪಾತ್ರೆ ತಿಕ್ಕುವುದು ಎಲ್ಲ ಅವರದ್ದೇ. ದಿನಕ್ಕೆ ಐದು ಸಲ ಬಾಂಗ್ ಕೂಗುವವರೂ ಅವರೇ. ಇಷ್ಟೂ ಕೆಲಸ ಮಾಡುವವರನ್ನು ನಮ್ಮಲ್ಲಿ ಮುಕ್ರಿ ಎನ್ನುತ್ತಾರೆ. ಹಿರಿಯರಾದ್ದರಿಂದ ನಮಗೆಲ್ಲ ಅವರು ಮುಕ್ರಿಕ.

ನಮ್ಮ ಮಸೀದಿಯ ಜಮಾಅತಿನಲ್ಲಿ ಅವರಷ್ಟು ಪುಕ್ಕಲು ಇನ್ನೊಬ್ಬರಿರಲಿಲ್ಲ. ನಾಯಿ ಕಂಡರೆ ಗದ್ದೆ ಸುತ್ತಿ ಬರುತ್ತಿದ್ದರು. ಗುಡುಗು ಕೇಳಿದರೆ ಮೈಕಿನ ವಯರು ಎಳೆದುಹಾಕಿ ಬರೀ ಗಂಟಲಲ್ಲಿ ಬಾಂಗ್ ಕೂಗುತ್ತಿದ್ದರು. ಮಸೀದಿ ಕಮಿಟಿಯ ಅಧ್ಯಕ್ಷರು ಎದುರಾದರಂತೂ ಗೋಡೆಗೆ ಅಂಟಿಕೊಳ್ಳುವುದೊಂದು ಬಾಕಿ. ಮದ್ರಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಮಕ್ಕಳಾದ ನಾವು ಕಿಸಕ್ಕನೆ ನಕ್ಕರೆ, "ನಗಾಡಬೇಡಿ. ಹೆದರುವವನಿಗೆ ಆಯುಷ್ಯ ಜಾಸ್ತಿ" ಎನ್ನುತ್ತಿದ್ದರು.

ಎರಡು ಸಾವಿರದ ಒಂಬತ್ತರ ರಂಜಾನಿನಲ್ಲಿ ಹೆದರುವ ಸರದಿ ಎಲ್ಲರಿಗೂ ಬಂತು. ಹೊಸ ಜ್ವರಕ್ಕೆ ಪುಣೆಯಲ್ಲಿ ಸತ್ತವರ ಸುದ್ದಿ ದಿನವೂ ಟಿವಿಯಲ್ಲಿ. ಮೆಲ್ಕಾರಿನ ಮೆಡಿಕಲ್ ಶಾಪುಗಳಲ್ಲಿ ಮಾಸ್ಕ್ ಇರಲಿಲ್ಲ. ಶುಕ್ರವಾರದ ನಮಾಜಿನ ನಂತರ ಮಸೀದಿಯ ಗುರುಗಳಾದ ಉಸ್ತಾದರು ಹೊಸ ಕಟ್ಟಳೆ ಹೇಳಿದರಂತೆ: ಕೈ ಹಿಡಿದು ಸಲಾಂ ಹೇಳುವ ಹಾಗಿಲ್ಲ, ತೊಟ್ಟಿಯಲ್ಲಿ ಕೈಕಾಲು ತೊಳೆಯುವ ಹಾಗಿಲ್ಲ, ಉಪವಾಸದ ನೋಂಬು ಬಿಡುವಾಗ ನಾಲ್ಕೈದು ಜನ ಒಂದೇ ಹರಿವಾಣಕ್ಕೆ ಕೈಹಾಕುವ ಹಾಗಿಲ್ಲ, ಜ್ವರ ಬಂದವರು ಮನೆಯಲ್ಲೇ ನಮಾಜು ಮಾಡಬೇಕು. ಇದನ್ನೆಲ್ಲ ನಡೆಸುವ ಜವಾಬ್ದಾರಿ ಮುಕ್ರಿಕರ ತಲೆಗೆ ಬಿತ್ತು. ಅವರು ತೊಟ್ಟಿಗೆ ಅಡ್ಡ ಹಗ್ಗ ಕಟ್ಟಿದರು. ಗಂಜಿಯ ಸೌಟನ್ನು ಉದ್ದದ ಕೋಲಿಗೆ ಬಿಗಿದು, ಬಾವಿಯಿಂದ ನೀರೆತ್ತುವವರ ಹಾಗೆ ದೂರ ನಿಂತು ಬಡಿಸಿದರು. ಮುದುಕರಿಗೂ ಬಸುರಿಯರಿಗೂ ಮನೆ ಮನೆಗೆ ಗಂಜಿ ತಲುಪಿಸಿದರು.

ಆದರೆ ರೋಗಕ್ಕಿಂತ ಅದರ ಹೆಸರೇ ನಮ್ಮವರನ್ನು ಹೆಚ್ಚು ಹೆದರಿಸಿತ್ತು. ಹಂದಿಜ್ವರ! ನಾಲಗೆಯ ಮೇಲೆ ತರಲೂ ಹೇಸುವ ಪ್ರಾಣಿಯ ಹೆಸರಿನ ಕಾಯಿಲೆ ತನ್ನ ಮನೆಗೆ ಬಂದಿದೆಯೆಂದು ಯಾರು ತಾನೇ ಹೇಳಿಕೊಂಡಾರು?

ಮದುವೆಯಾಗಿ ಹೋಗಿದ್ದ ನಾನು ಆಗ ಚೊಚ್ಚಲ ಹೆರಿಗೆಗೆಂದು ಉಮ್ಮನ ಮನೆಗೆ ಬಂದಿದ್ದೆ. ಏಳು ತಿಂಗಳು. ಅದೇ ವಾರ ಅಣ್ಣ ದುಬೈಯಿಂದ ಬಂದವನು ಮೂರು ದಿನ ಕೆಮ್ಮಿ ಮಲಗಿ ಎದ್ದ. ನಾಲ್ಕನೆಯ ದಿನ ನಾನು ಮಲಗಿದೆ. ಮೈ ಕೆಂಡವಾಗಿತ್ತು, ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಹೊಟ್ಟೆಯೊಳಗಿನ ಒದೆತ ಕಡಿಮೆಯಾದಾಗ ನನ್ನ ಜೀವ ಬಾಯಿಗೆ ಬಂತು. "ಆಸ್ಪತ್ರೆಗೆ ಹೋಗುವ ಉಮ್ಮಾ" ಎಂದು ಗೋಗರೆದೆ.

ಉಮ್ಮ ಬಾಗಿಲು ಹಾಕಿದರು. "ಪೆರ್ನಾಲ್ ಹಬ್ಬ ಕಳೆದ ಮರುವಾರವೇ ನಿನ್ನ ತಂಗಿಯ ನಿಖಾಹ್ ಉಂಟು. ಈ ಮನೆಗೆ ಹಂದಿಯ ಕಾಯಿಲೆ ಬಂತು ಅಂತ ಆದರೆ ಅವಳನ್ನು ಯಾರು ಕೊಂಡುಹೋಗ್ತಾರೆ? ಮಾತ್ರೆ ಕೊಡ್ತೇನೆ, ಮಲಗು."

ಉಮ್ಮನದು ಕಲ್ಲೆದೆಯಲ್ಲ. ಗಳಿಗೆಗೊಮ್ಮೆ ನನ್ನ ಹಣೆಯ ಒದ್ದೆ ಬಟ್ಟೆ ಬದಲಿಸುತ್ತಿದ್ದರು. ಹೆದರಿಕೆ ಮನುಷ್ಯರಿಂದ ಏನೆಲ್ಲ ಮಾಡಿಸುತ್ತದೆಂದು ನನಗೆ ಗೊತ್ತಾದದ್ದು ಆಗಲೇ.

ಅಂದು ಸಂಜೆ ಗಂಜಿ ತಂದ ಮುಕ್ರಿಕ ಜಗಲಿಯಲ್ಲೇ ನಿಂತರು. "ಒಳಗೆ ಕೆಮ್ಮುವುದು ಯಾರು ತಂಗೀ?"

"ಯಾರೂ ಇಲ್ಲ. ಬೆಕ್ಕು" ಎಂದರು ಉಮ್ಮ.

"ಬಸುರಿ ಇರುವ ಮನೆ. ಜಾಗ್ರತೆ" ಎಂದಷ್ಟೇ ಹೇಳಿ ಮುಕ್ರಿಕ ಹೋದರು. ನನಗೆ ಇದ್ದ ಒಂದು ಆಸೆಯೂ ಹೋಯಿತು.

ಮರುದಿನ ಮಧ್ಯಾಹ್ನದ ನಮಾಜು ಮುಗಿದದ್ದೇ ಮೈಕು ಗೊರಗೊರ ಎಂದಿತು. ಹೊತ್ತಲ್ಲದ ಹೊತ್ತಲ್ಲಿ ಮೈಕು ಸದ್ದು ಮಾಡಿತೆಂದರೆ ಸಾವಿನ ಸುದ್ದಿ. ಆದರೆ ಬಂದದ್ದು ಮುಕ್ರಿಕರ ನಡುಗುವ ದನಿ: "ಜಮಾಅತಿನವರೇ, ನನಗೆ ಹಂದಿಜ್ವರ ಉಂಟು. ಮೊನ್ನೆಯಿಂದಲೇ ಉಂಟು, ನಾನು ಮುಚ್ಚಿಟ್ಟದ್ದು. ನನ್ನ ಕೈಯ ಗಂಜಿ ಕುಡಿದವರಿಗೆ ಜ್ವರ ಬಂದಿದ್ದರೆ ಅದು ನನ್ನಿಂದ ಬಂದದ್ದು. ನಿಮ್ಮ ತಪ್ಪು ಅಲ್ಲ. ಇವತ್ತೇ ಆಸ್ಪತ್ರೆಗೆ ಹೋಗಿ."

ಉಮ್ಮ ಕೈಯ ಒದ್ದೆ ಬಟ್ಟೆಯನ್ನು ಬಿಟ್ಟು ಎದ್ದರು. ಆಮೇಲೆ ಬಾಗಿಲು ತೆರೆದು, ಇಡೀ ಕೇರಿಗೆ ಕೇಳುವ ಹಾಗೆ, "ಅಯ್ಯೋ, ಮುಕ್ರಿಯ ಗಂಜಿಯಿಂದ ನನ್ನ ಮಗಳಿಗೂ ಬಂತು!" ಎಂದು ಬೊಬ್ಬೆ ಹಾಕಿದರು. ಅರ್ಧ ಗಂಟೆಯಲ್ಲಿ ಜೀಪು ಬಂತು.

ಮಂಗಳೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆ. ನನಗೆ ಬಂದದ್ದು ಅದೇ ಜ್ವರ. ಇನ್ನೆರಡು ದಿನ ತಡವಾಗಿದ್ದರೆ ತಾಯಿ ಮಗು ಇಬ್ಬರೂ ಉಳಿಯುವುದು ಕಷ್ಟವಿತ್ತು ಎಂದರು ಡಾಕ್ಟರು. ನಮ್ಮ ಜಮಾಅತಿನ ಇನ್ನೂ ಮೂರು ಮನೆಯವರು ಆ ಸಂಜೆಯೇ ಬಾಗಿಲು ತೆರೆದು ಆಸ್ಪತ್ರೆಗೆ ಬಂದಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು, ಮುಕ್ರಿಯಿಂದ ಬಂತು.

ತಂಗಿಯ ನಿಖಾಹ್ ಸಾಂಗವಾಗಿ ನಡೆಯಿತು. ಮುಕ್ರಿಕರಿಗೆ ಮಾತ್ರ ಮೈಕು ಮರಳಿ ಸಿಗಲಿಲ್ಲ. ರೋಗ ಮುಚ್ಚಿಟ್ಟು ಊರಿಗೆಲ್ಲ ಹಂಚಿದವರೆಂದು ಕಮಿಟಿ ಬೇರೆ ಮುಕ್ರಿಯನ್ನು ತಂದಿತು. ಇವರನ್ನು ಖಬರಸ್ಥಾನದ ಹುಲ್ಲು ಕೀಳಲು ಹಚ್ಚಿತು. ಜ್ವರ ತಂದವನು ನನ್ನ ಅಣ್ಣನೆಂದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಹೆದರಿಕೆ, ಮತ್ತೇನು?

ಮುಂದೆ ಹುಟ್ಟಿದ ಮಗಳಿಗೆ ನಲವತ್ತು ದಿನ ತುಂಬಿದ ಮೇಲೆ ಅವಳನ್ನೆತ್ತಿಕೊಂಡು ಅವರಲ್ಲಿಗೆ ಹೋದೆ. ಖಬರಸ್ಥಾನದ ಗೇಟಿನ ಹೊರಗೆ ನಿಂತು, "ನಿಮಗೆ ಜ್ವರ ಗುಣ ಆಯ್ತಾ ಮುಕ್ರಿಕ?" ಎಂದೆ.

ಅವರು ಆಚೀಚೆ ನೋಡಿದರು. "ನನಗೆ ಜ್ವರವೇ ಇರಲಿಲ್ಲ ಮಗಳೇ. ಆಸ್ಪತ್ರೆಯವರೂ ಹಾಗೇ ಹೇಳಿದರು. ನಿನ್ನ ಕೆಮ್ಮು ಕೇಳಿ ಹೆದರಿಕೆ ಆಯ್ತು. ಬೇರೆ ದಾರಿ ಹೊಳೆಯಲಿಲ್ಲ."

"ಹಾಗಾದರೆ ನಾನು ಎಲ್ಲರಿಗೂ ಹೇಳ್ತೇನೆ" ಎಂದೆ.

"ಬೇಡ, ಬೇಡ. ಹೇಳಿದರೆ ನಿನ್ನ ಉಮ್ಮ ಮುಖ ಎಲ್ಲಿ ಇಡುವುದು?" ಮತ್ತೆ ದನಿ ತಗ್ಗಿಸಿದರು. "ನನಗೆ ಹೆದರಿಕೆ ಇರುವುದು ಬೇರೆಯೇ. ನೋಂಬಿನಲ್ಲಿ, ಅದೂ ಅಲ್ಲಾಹನ ಮನೆಯಲ್ಲಿ ನಿಂತು ಸುಳ್ಳು ಹೇಳಿದ್ದು. ಆ ಒಂದು ನೋಂಬನ್ನು ಪೆರ್ನಾಲ್ ಕಳೆದ ಮೇಲೆ ತಿರುಗಿ ಹಿಡಿದೆ. ಸಾಕಾಗ್ತದೋ ಇಲ್ಲವೋ."

ಸಾಕಾಗಲಿಲ್ಲವೆಂದೇ ಕಾಣುತ್ತದೆ. ಪ್ರತಿ ವರ್ಷವೂ ಆ ಒಂದು ದಿನದ ನೋಂಬನ್ನು ಮತ್ತೆ ಮತ್ತೆ ಹಿಡಿಯುತ್ತಿದ್ದರೆಂದು, ಅವರು ತೀರಿಕೊಂಡ ದಿನ ಅವರ ಹೆಂಡತಿ ಹೇಳಿದರು. ಯಾಕೆಂದು ಆಕೆಗೂ ತಿಳಿಸಿರಲಿಲ್ಲ. ಅಂಗಳದಲ್ಲಿ ಜನ ಆಗಲೂ, "ಪಾಪ, ಆ ಜ್ವರವೊಂದು ತಾರದಿದ್ದರೆ ಒಳ್ಳೆಯ ಮನುಷ್ಯ" ಎನ್ನುತ್ತಿದ್ದರು. ನಾನು ಆಗಲೂ ನಿಜ ಹೇಳಲಿಲ್ಲ.

ಈಗ ಹೇಳುತ್ತೇನೆ. ಮುಕ್ರಿಕರ ಕೈಯಿಂದ ಯಾರಿಗೂ ಜ್ವರ ಬರಲಿಲ್ಲ. ನನಗೆ ಬಂದದ್ದು ನನ್ನ ಮನೆಯಿಂದಲೇ. ಉಮ್ಮನಿಗೆ ಕನ್ನಡ ಓದಲು ಬಾರದು. ನಾನು ಬರೆದ ಇದನ್ನು ನನ್ನ ಮಗಳು ಅವರ ಪಕ್ಕ ಕೂತು ಓದಿ ಹೇಳುತ್ತಾಳೆ. ಹೇಳಲಿ.